ಅರೇಹಳ್ಳಿಯ ಮೆಣಸಿಗೆ ಸಾಕ್ಷಿ ಯಾರು

ಶ್ರೀಲಂಕಾದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ ಹೊಸತು, ಎರಡು ಸಾವಿರದ ಇಸವಿಯ ಆಚೀಚೆ. ನಾನಾಗ ಬೇಲೂರಿನ ಒಂದು ಸಹಕಾರ ಮಾರಾಟ ಸಂಘದಲ್ಲಿ ಗ್ರೇಡಿಂಗ್ ಅಧಿಕಾರಿಯಾಗಿದ್ದೆ. ರೈತರು ತಂದ ಕಾಳುಮೆಣಸು ಒಂದು ಲೀಟರ್ ಅಳತೆಗೆ ಎಷ್ಟು ತೂಗುತ್ತದೆ, ಎಷ್ಟು ತೇವ, ಎಷ್ಟು ಜೊಳ್ಳು ಎಂದು ನೋಡಿ ದರ್ಜೆ ಹೇಳುವುದು ನನ್ನ ಕೆಲಸ. ಅನುಮಾನ ಪಡುವುದಕ್ಕೇ ಸಂಬಳ ಕೊಡುವ ಹುದ್ದೆ ಅದು. ಮನೆಗೆ ಬಂದ ನೆಂಟರನ್ನೂ ನಾನು ಹಾಗೇ ನೋಡುತ್ತೇನೆಂದು ನನ್ನ ಹೆಂಡತಿ ಬೈಯುತ್ತಿದ್ದಳು.

ಒಪ್ಪಂದದಿಂದ ಆ ಪುಟ್ಟ ದೇಶದ ಮೆಣಸಿಗೆ ಸುಂಕದ ರಿಯಾಯಿತಿ ಸಿಕ್ಕಿತ್ತು. ಆದರೆ ಅದು ಅಲ್ಲೇ ಬೆಳೆದದ್ದು ಎಂಬುದಕ್ಕೆ ಸರ್ಟಿಫಿಕೇಟ್ ಆಫ್ ಒರಿಜಿನ್, ಅಂದರೆ ಮೂಲದ ಪ್ರಮಾಣಪತ್ರ ಬೇಕಿತ್ತು. ಇನ್ಯಾವುದೋ ದೇಶದ ಅಗ್ಗದ ಮೆಣಸು ಕೊಲಂಬೊದಲ್ಲಿ ಆ ಪತ್ರ ಹೊತ್ತು ಇಲ್ಲಿಗೆ ಬರುತ್ತಿದೆ ಎಂದು ಪೇಟೆಯಲ್ಲೆಲ್ಲ ಗುಲ್ಲು. ಬೆಲೆಯಂತೂ ಇಳಿಯುತ್ತಲೇ ಇತ್ತು. ಹೊರಗಿನ ಮಾಲು ಬೆರೆಸಿದವರ ಸದಸ್ಯತ್ವ ರದ್ದು ಎಂದು ನಮ್ಮ ಸಂಘ ನಿರ್ಣಯ ಮಾಡಿತು.

ಅಷ್ಟರಲ್ಲೇ ಅರೇಹಳ್ಳಿ ಕಡೆಯ ರುದ್ರೇಗೌಡರು ತಮ್ಮ ತೋಟ ಕೊಡುವುದಕ್ಕಿಂತ ಎಷ್ಟೋ ಹೆಚ್ಚು ಮೆಣಸು ತಂದರು. ಕಾಳು ಹಗುರ, ಬಣ್ಣ ಮಂಕು. ಅವರ ಪಕ್ಕದ ತೋಟದ ಮಂಜೇಗೌಡರು ನನ್ನನ್ನು ಮರೆಗೆ ಕರೆದು, ಇದು ಹಡಗಿನ ಮಾಲು ಎಂದು ಕಿವಿಯೂದಿದರು. ನನಗೂ ಹಾಗೇ ಅನ್ನಿಸಿತ್ತು. ಚೀಲಗಳನ್ನು ತಡೆಹಿಡಿದೆ.

ರುದ್ರೇಗೌಡರು ಮಾತ್ರ, ಮೂರು ವರ್ಷದ ಫಸಲನ್ನು ಅಟ್ಟದಲ್ಲಿ ಇಟ್ಟಿದ್ದೆ, ಬೆಲೆ ಏರುವ ಬದಲು ಇಳಿದಿದ್ದರಿಂದ ಗಾಬರಿಯಾಗಿ ಎಲ್ಲ ತಂದೆ ಎಂದರು. ಅಟ್ಟ ಈಗ ಖಾಲಿ, ತೋರಿಸಲು ಏನೂ ಇಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಅಂದುಕೊಂಡೆ. ಆದರೆ ಕಲಬೆರಕೆಯವನು ಎಂಬ ಹೆಸರು ಒಮ್ಮೆ ಅಂಟಿದರೆ ಬೇಲೂರಿನ ಯಾವ ಮಂಡಿಯವನೂ ಅವರ ಚೀಲ ಮುಟ್ಟುತ್ತಿರಲಿಲ್ಲ. ತೀರ್ಮಾನಕ್ಕೆ ಸಂಘದ ಅಧ್ಯಕ್ಷರು ಆ ಭಾಗದ ಬೆಳೆಗಾರರ ಸಭೆ ಕರೆದರು.

ನಿಮ್ಮ ಕಡೆ ಯಾರಾದರೂ ಮೆಣಸನ್ನು ಇಷ್ಟು ವರ್ಷ ಇಡುತ್ತಾರೆಯೇ ಎಂದು ಸಭೆಯಲ್ಲಿ ಕೇಳಿದೆ. ಇಲ್ಲವೇ ಇಲ್ಲ, ಆಯಾ ವರ್ಷದ್ದು ಆಯಾ ವರ್ಷವೇ ಮಾರುತ್ತೇವೆ ಎಂದು ಎಲ್ಲರೂ ಒಂದೇ ಮಾತು ಹೇಳಿದರು. ನನಗೆ ಅಲ್ಲೇ ಅನುಮಾನ ಹುಟ್ಟಿತು. ಬೆಳೆಗಾರರೆಲ್ಲ ಒಂದು ವಿಷಯಕ್ಕೆ ಒಪ್ಪಿದ್ದನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

“ಸರಿ, ನಾಳೆ ಎಲ್ಲರ ಮನೆ ಅಟ್ಟನೂ ನೋಡಿಬಿಡೋಣ” ಎಂದೆ.

ರುದ್ರೇಗೌಡರು ಮಂಜೇಗೌಡರನ್ನೇ ನೋಡುತ್ತಿದ್ದರು. ಮಂಜೇಗೌಡರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಎದ್ದು ನಿಂತರು.

“ನಮ್ ಅಟ್ಟದ್ ಮ್ಯಾಲೂ ಐತೆ ಸಾರ್. ಹೇಳುದ್ರೆ ಇವ್ರೆಲ್ಲ ನನಗಿಂತ ಮುಂಚೆ ಮಾರ್ಕೊಂಡ್ಬಿಡ್ತಾರೆ ಅಂತ ಸುಮ್ಕಿದ್ದೆ.”

ರುದ್ರೇಗೌಡರ ಚೀಲ ತಡೆದರೆ ತಮ್ಮದು ಮೊದಲು ಮಾರಬಹುದು ಎಂಬುದು ಅವರ ಲೆಕ್ಕಾಚಾರ. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಮೆಣಸು ಬಚ್ಚಿಟ್ಟು, ಮಾರಿದೆವೆಂದು ಒಬ್ಬರಿಗೊಬ್ಬರು ವರ್ಷಗಟ್ಟಲೆ ಸುಳ್ಳು ಹೇಳಿಕೊಂಡಿದ್ದರು. ಗುಟ್ಟು ರಟ್ಟಾದ ವಾರದಲ್ಲೇ ಎಲ್ಲರೂ ಮಾಲು ತಂದು ಸುರಿದರು, ಆ ಹಳೆ ಕಾಳೂ ರುದ್ರೇಗೌಡರದರಂತೆಯೇ ಹಗುರ, ಮಂಕು; ಬೆಲೆ ಇನ್ನಷ್ಟು ಕುಸಿಯಿತು.

ಬಿಡುಗಡೆಯಾದ ಚೀಲಗಳನ್ನು ರುದ್ರೇಗೌಡರು ನಮಗೆ ಮಾರಲಿಲ್ಲ, ಲಾರಿಗೆ ಹೇರಿಸಿದರು. ಹೊರಡುವಾಗ ನನ್ನ ಮುಖ ನೋಡದೆ ಹೇಳಿದರು: “ಸಮುದ್ರ ದಾಟಿ ಬಂದ ಮೆಣಸಿಗೆ ಒಂದ್ ಕಾಗ್ದ ಸಾಕು. ನನ್ ತೋಟದ್ದು ನಂದು ಅನ್ನಕ್ಕೆ ಪಕ್ಕದ್ಮನೆಯೋನು ಮನಸ್ ಮಾಡ್ಬೇಕಾಯ್ತು.”

ಆ ಮಾತು ಇಂದಿಗೂ ಚುಚ್ಚುತ್ತದೆ. ನಿವೃತ್ತನಾಗುವವರೆಗೆ ಅನುಮಾನ ಪಡುವುದನ್ನೇನೂ ನಾನು ಬಿಡಲಿಲ್ಲ. ಆದರೆ ಯಾರ ಮೇಲೆ ದೂರು ಬಂದರೂ, ಮೊದಲು ದೂರು ತಂದವರ ಅಟ್ಟದಲ್ಲಿ ಏನಿದೆ ಎಂದು ವಿಚಾರಿಸುವುದನ್ನು ಕಲಿತೆ.