ಕಪಾಟಿನೊಳಗಿಂದ ಕೊಟ್ಟ ಉತ್ತರ

ಪುಟ್ಟಾ, ಚಿನ್ನೀ, ಇದನ್ನು ನಿಮ್ಮ ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ. ಎದುರು ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಊರು ಬಿಟ್ಟು ಗಲ್ಫಿಗೆ, ಅಲ್ ಕುಸೈಸಿನ ಈ ಫ್ಲ್ಯಾಟಿಗೆ ಬಂದಾಗ ಚಿನ್ನಿಗೆ ಮೂರೂವರೆ ವರ್ಷ. ಒಂದು ಮಾತೂ ಆಡುತ್ತಿರಲಿಲ್ಲ. ಕಿವಿ ಸರಿಯುಂಟು, ಮನೆಯಲ್ಲಿ ಯಾರಾದರೂ ಮಾತಾಡಿಸುತ್ತಿರಿ ಎಂದಿದ್ದರು ಡಾಕ್ಟರು. ಶಾಲೆಯ ಇಂಟರ್‌ವ್ಯೂಗೆ ಎರಡೇ ತಿಂಗಳಿತ್ತು. ಅಪ್ಪ ರಾಸ್ ಅಲ್ ಖೋರಿನ ಗ್ಯಾರೇಜಿಗೆ, ಅಮ್ಮ ಆಸ್ಪತ್ರೆಯ ಡ್ಯೂಟಿಗೆ, ಪುಟ್ಟ ಶಾಲೆಗೆ ಹೋದರೆ ಉಳಿಯುವವಳು ನಾನು. ಊರ ಶಾಲೆಯಲ್ಲಿ ಹಾಜರಿ ಕರೆದಾಗಲೂ ಕೈ ಮಾತ್ರ ಎತ್ತುತ್ತಿದ್ದವಳು.

ಮಾತಾಡಿಸುವ ಬದಲು ಟಿವಿ ಹಾಕಿದೆ. ಪುಟ್ಟ ಹುಡುಕಿಕೊಟ್ಟಿದ್ದ ತಮಾಷೆ ಸಿನಿಮಾ, ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ತೆಗೆದದ್ದು. ಕಪ್ಪು ಬಿಳುಪು, ಇಪ್ಪತ್ತೇ ನಿಮಿಷ, ಎಲ್ಲ ಮಕ್ಕಳೇ. ಹುಡುಗರು ಕೊಟ್ಟಿಗೆಯೊಳಗೆ ಕದ್ದು ಕೇಕು ಮಾಡುತ್ತಾರೆ. ಹೊರಗೆ ರಿಬ್ಬನ್ ಕಟ್ಟಿದ ಒಬ್ಬಳು ಹುಡುಗಿ ಮೂರು ಸಲ ಬಾಗಿಲು ತಟ್ಟಿ ಏನೋ ಕೇಳುತ್ತಾಳೆ. ಯಾರೂ ತೆಗೆಯುವುದಿಲ್ಲ. ಕಡೆಗೆ ಹಿಟ್ಟಿನ ಮೂಟೆ ಹುಡುಗರ ತಲೆ ಮೇಲೆ. ಪ್ರತಿ ಮಾತಿಗೂ ಮೊದಲು, ಬಿಸಿ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಸ್ಸ್ಸ್ ಎಂದು ಹಳೆ ರೀಲಿನ ಸದ್ದು. ಇಂಗ್ಲಿಷು ಬಾರದ ನಾನೂ ನಗುತ್ತಿದ್ದೆ. ಚಿನ್ನಿ ನಗುತ್ತಿರಲಿಲ್ಲ. ಬಾಗಿಲ ಹೊರಗಿನ ಆ ಹುಡುಗಿಯನ್ನೇ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಟಿವಿ ಆರಿಸಿ ಪಾತ್ರೆ ತೊಳೆಯುತ್ತಿದ್ದೆ. ಮಲಗುವ ಕೋಣೆಯಿಂದ ಸ್ಸ್ಸ್ ಎಂದು ಕೇಳಿತು. ಮೂರು ಸಲ ತಟ್ಟಿದ ಸದ್ದು. ಆಮೇಲೆ ಸಿನಿಮಾದ ಆ ಹುಡುಗಿಯ ಸ್ವರ, ತಗಡಿನ ಡಬ್ಬದೊಳಗಿಂದ ಬಂದ ಹಾಗೆ.

ಹೋಗಿ ನೋಡಿದರೆ ಚಿನ್ನಿ ಕಪಾಟಿಗೆ ಮುಖ ಮಾಡಿ ನಿಂತಿದ್ದಳು. ಮಗು ಮಾತಾಡಿತೆಂದು ಸಂತೋಷಪಡಬೇಕಿತ್ತು. ನನಗೆ ಮೈ ಮುಳ್ಳೆದ್ದಿತು. ನಮ್ಮೂರಲ್ಲಿ ದೈವ ಮೈಮೇಲೆ ಬರುವ ಪಾತ್ರಿಯೂ ನುಡಿ ಕೊಡುವ ಮೊದಲು ಹೀಗೆಯೇ ಉಸಿರು ಸೀಳುತ್ತಾನೆ. ಸೆರಗು ಹೊದ್ದು ಕೈಮುಗಿದು, ತಾವು ಯಾರು, ಏನು ಆಗಬೇಕು ಎಂದು ತುಳುವಿನಲ್ಲಿ ಕೇಳಿದೆ. ಅವಳು ನನ್ನ ಕಡೆ ತಿರುಗಿ ಅದೇ ಸ್ವರದಲ್ಲಿ ಅದನ್ನೇ ಇನ್ನೊಮ್ಮೆ ಹೇಳಿದಳು.

ಸಂಜೆ ಪುಟ್ಟನನ್ನು ಕೇಳಿದೆ, “ಬಾಗಿಲ ಹತ್ತಿರ ಆ ಹುಡುಗಿ ಎಂತ ಹೇಳುವುದು?”

“ಸೋ ಈಸಿ ಅಜ್ಜಿ. ‘ನಾನೂ ಒಳಗೆ ಬರ್ಲಾ?’ ಅಂತ.”

“ಅವಳು ಈಗ ಎಲ್ಲಿದ್ದಾಳೆ?”

“ಎಲ್ಲಾ ಖಲಾಸ್. ನಿಮಗಿಂತ ಓಲ್ಡ್ ಪಿಕ್ಚರ್ ಅಂದ್ರೆ ನೋಡಿ.”

ರಿಮೋಟನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. “ರಿಮೋಟಿಗೆ ಕಾಲು ಬಂತಾ ಹೇಗೆ?” ಎಂದು ನಿಮ್ಮ ಅಪ್ಪ ಸೋಫಾ ಎಲ್ಲ ಮಗುಚಿದ. ಹತ್ತು ದಿನ ಚಿನ್ನಿಯ ಬಾಯಿಂದ ಉಸಿರಿನ ಸದ್ದೂ ಇಲ್ಲ. ಡ್ಯೂಟಿ ಮುಗಿಸಿ ಬಂದ ಕೂಡಲೇ ನಿಮ್ಮ ಅಮ್ಮ, “ಅತ್ತೆ, ಇವತ್ತು ಏನಾದ್ರೂ ಅಂದ್ಳಾ?” ಎಂದು ಕೇಳುವಳು. ಇಲ್ಲ ಎಂದು ನಾನು ಅಕ್ಕಿ ಡಬ್ಬದ ಮುಚ್ಚಳ ಇನ್ನಷ್ಟು ಒತ್ತಿಡುತ್ತಿದ್ದೆ. ಬಂದಿದ್ದ ಮಾತನ್ನು ಮುಚ್ಚಿದವಳು ನಾನೇ ಅಲ್ಲವೇ?

ಹನ್ನೊಂದನೆಯ ದಿನ ಚಿನ್ನಿ ಮತ್ತೆ ಕಪಾಟಿನ ಎದುರು ನಿಂತಳು. ಕೈ ಎತ್ತಿದ್ದಳು, ತಟ್ಟಲಿಲ್ಲ. ಆ ಸಿನಿಮಾದಲ್ಲಿ ಒಳಗಿನಿಂದ ಯಾರೂ ಉತ್ತರ ಕೊಡುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅವಳನ್ನು ಮೆಲ್ಲಗೆ ಸರಿಸಿ, ಕಪಾಟಿನೊಳಗೆ ಸೀರೆಗಳ ನಡುವೆ ಕುಕ್ಕರಗಾಲಲ್ಲಿ ಕೂತು ಬಾಗಿಲು ಎಳೆದುಕೊಂಡೆ. ಕತ್ತಲೆ, ನುಸಿಗುಳಿಗೆಯ ವಾಸನೆ. ಬಹಳ ಹೊತ್ತಿನ ಮೇಲೆ ಮೂರು ಸಲ ತಟ್ಟಿದ ಸದ್ದು.

ನಾನು ಸ್ಸ್ಸ್ ಎಂದೆ. ಆಮೇಲೆ ಜನ್ಮದಲ್ಲೇ ಅಷ್ಟು ಗಟ್ಟಿಯಾಗಿ ಮಾತಾಡಿರದ ನಾನು, “ಬಾ ಮಗಾ, ಒಳಗೆ ಬಾ” ಎಂದೆ.

ಬಾಗಿಲು ತೆರೆಯಿತು. ಚಿನ್ನಿ ಬಗ್ಗಿ ನೋಡಿದಳು. “ಅಜ್ಜಿ, ಕತ್ತಲೆ” ಎಂದಳು. ಒಡೆದ, ಸಣ್ಣ ಸ್ವರ. ಅದು ಅವಳದೇ.

ಈಗ ಕ್ಲಾಸಿನಲ್ಲಿ ಮಾತು ಜಾಸ್ತಿ ಎಂದು ಟೀಚರು ಬರೆದು ಕಳಿಸುತ್ತಾರೆ. ಆದರೆ ಚಿನ್ನೀ, ಫೋನು ಎತ್ತಿದಾಗ ನೀನು ಹಲೋ ಎನ್ನುವ ಮೊದಲು ಒಂದು ಸಣ್ಣ ಸ್ಸ್ಸ್ ಬರುತ್ತದೆ. ಶೀತ ಎನ್ನುತ್ತಾಳೆ ನಿಮ್ಮ ಅಮ್ಮ. ಅಂದು ಒಳಗೆ ಬಾ ಎಂದಾಗ ಬಂದವಳು ನೀನೊಬ್ಬಳೇ ತಾನೇ ಎಂದು ನಾನು ಸುಮ್ಮನೆ ಕಿವಿಗೊಟ್ಟು ಕೂರುತ್ತೇನೆ.

ಈ ಹಾಳೆಗಳನ್ನು ಅದೇ ಕಪಾಟಿನಲ್ಲಿ, ನನ್ನ ಸೀರೆಗಳ ಅಡಿಯಲ್ಲಿ ಇಡುತ್ತೇನೆ. ಮನೆ ಬದಲಿಸಿದರೂ ಇವು ಕಳೆಯದ ಹಾಗೆ ನೋಡಿಕೊಳ್ಳಿ, ಮಕ್ಕಳೇ.