ಎರೆಮಣ್ಣಿಗೆ ಒಗ್ಗಿದ ಸ್ಕೂಟರ್

ಅವರ ಬಲಗೈಯ ಕಿರುಬೆರಳಿಗೆ ಉಗುರಿರಲಿಲ್ಲ. ಯಾವುದೋ ಕಾಲದಲ್ಲಿ ಟ್ರ್ಯಾಕ್ಟರಿನ ಬೆಲ್ಟಿಗೆ ಸಿಕ್ಕಿ ಕಿತ್ತುಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಬೆರಳ ತುದಿ ಚಪ್ಪಟೆಯಾಗಿ, ಗ್ರೀಸು ಕುಡಿದು ಕರ್ರಗೆ ಹೊಳೆಯುತ್ತಿತ್ತು. ಆ ಬೆರಳನ್ನು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ತೂರಿಸಿ, ಇನ್ನೊಂದು ಕೈಯಿಂದ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ಅವರು ಕಣ್ಣುಮುಚ್ಚಿ ಕೂತಿರುತ್ತಿದ್ದರು. ಆಗ ಯಾರೂ ಮಾತಾಡಕೂಡದು, ಚಹಾ ತಂದವನು ಕೂಡ ಗ್ಲಾಸು ಹಿಡಿದು ನಿಂತಿರಬೇಕು. ನಾನು ನರ್ಸು, ದಿನಕ್ಕೆ ಎಷ್ಟೋ ಜನರ ನಾಡಿ ಹಿಡಿಯುವವಳು. ಅಷ್ಟು ಲಕ್ಷ್ಯ ಕೊಟ್ಟು ನಾನು ಯಾರ ನಾಡಿಯನ್ನೂ ಹಿಡಿದಿಲ್ಲ ಎಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ರಂಗಂಪೇಟೆಯ ರಸ್ತೆ ಬದಿಯಲ್ಲಿ, ಬೇವಿನ ಮರಕ್ಕೆ ತಗಡು ಆನಿಸಿ ಮಾಡಿಕೊಂಡ ಗಾಡಿ ರಿಪೇರಿ ಅಂಗಡಿ ಅವರದು. ಊರಿಗೆಲ್ಲ ಅವರು ಮಿಸ್ತ್ರಿ, ನನಗೆ ಮಿಸ್ತ್ರಿ ಕಾಕಾ. ನನ್ನ ತಂದೆಯ ವಯಸ್ಸಿನವರಾದರೂ ಕಡೆಯವರೆಗೆ ನನ್ನನ್ನು, ಅಮ್ಮಾವ್ರೇ ಎನ್ನುವ ಹಾಗೆ, ‘ಬಾಯಾರ’ ಎಂದೇ ಕರೆದರು. ಹೆಸರು ಹಿಡಿದು ಕರೆಯಿರಿ ಎಂದು ಎಷ್ಟು ಸಲ ಹೇಳಿದರೂ, ಸೂಜಿ ಹಾಕುವವರ ಹೆಸರು ಹಿಡಿದರೆ ಸೂಜಿ ಜೋರಾಗಿ ಚುಚ್ಚುತ್ತದೆ ಎಂದು ನಗುತ್ತಿದ್ದರು.

ನಾನು ಸಗರ ಎಂಬ ಊರಿನ ಮಗಳು. ಕೆಲಸ ಸಿಕ್ಕಿದ್ದು ಕಕ್ಕೇರಾ ಕಡೆಗೆ, ಮನೆ ಮಾಡಿದ್ದು ರಂಗಂಪೇಟೆಯಲ್ಲಿ. ಕಾಲುವೆಗೆ ನೀರು ಬಂದ ಮೇಲೆ ಭತ್ತ ಬೆಳೆಯಲು ಆಂಧ್ರದಿಂದ ಬಂದವರು ಕಾಲುವೆಯುದ್ದಕ್ಕೂ ಮನೆ ಕಟ್ಟಿಕೊಂಡಿದ್ದರು. ಅವಕ್ಕೆ ನಮ್ಮಲ್ಲಿ ಕ್ಯಾಂಪು ಎನ್ನುತ್ತಾರೆ. ಅವರ ಗದ್ದೆಗಳಲ್ಲಿ ದುಡಿಯುವ ನಮ್ಮ ಜನರ ಗುಡಿಸಲುಗಳೂ ಅಲ್ಲೇ. ಪ್ರತಿ ಗುರುವಾರ ಐಸಿನ ಡಬ್ಬಿಯಲ್ಲಿ ಲಸಿಕೆ ಇಟ್ಟುಕೊಂಡು ಆ ಕ್ಯಾಂಪುಗಳ ಮಕ್ಕಳಿಗೆ ಹಾಕಿ ಬರುವುದು ನನ್ನ ಕೆಲಸ. ಬಸ್ಸು ದೊಡ್ಡ ರಸ್ತೆಯಲ್ಲೇ ನಿಲ್ಲುತ್ತಿತ್ತು. ಅಲ್ಲಿಂದ ಕಾಲುವೆಯ ಏರಿಯ ಮೇಲಿನ ಮಣ್ಣು ದಾರಿ. ಯಾರದಾದರೂ ಟ್ರ್ಯಾಕ್ಟರ್ ಬಂದರೆ ಉಂಟು, ಬರದಿದ್ದರೆ ಇಲ್ಲ. ನಾನು ತಲುಪುವಷ್ಟರಲ್ಲಿ ತಾಯಂದಿರು ನಾಟಿಗೆ ಹೋಗಿರುತ್ತಿದ್ದರು, ಡಬ್ಬಿಯ ಐಸು ನೀರಾಗಿರುತ್ತಿತ್ತು.

ನಮ್ಮ ಮೇಲಿನ ಅಧಿಕಾರಿಯೊಬ್ಬರು ಇದಕ್ಕೊಂದು ಸುಲಭದ ದಾರಿ ಹುಡುಕಿದರು. ನೀನು ಊರಲ್ಲೇ ಕೂತಿರು, ಬೇಕಾದವರು ಮಕ್ಕಳನ್ನು ಎತ್ತಿಕೊಂಡು ಇಲ್ಲಿಗೆ ಬರಲಿ ಎಂದರು. ದಿನದ ಕೂಲಿ ಬಿಟ್ಟು ಯಾವ ತಾಯಿ ಅಷ್ಟು ದೂರ ಬಂದಾಳು? ಕ್ಯಾಂಪಿನ ಮಕ್ಕಳಿಗೆ ಲಸಿಕೆಯೇ ತಪ್ಪಿಹೋಗುತ್ತದೆ ಎಂದು ನನಗೆ ಸಂಕಟವಾಯಿತು. ನನ್ನ ಸ್ಕೂಟರಿನ ಮೇಲೆ ನಾನೇ ವಾರವಾರ ಹೋಗಿಬರುತ್ತೇನೆ ಎಂದು ಸವಾಲು ಹಾಕಿದೆ. ಅವರು, ಆಗಲಿ, ಒಂದು ಮಳೆಗಾಲ ನೋಡೋಣ, ಒಂದು ಗುರುವಾರ ತಪ್ಪಿದರೂ ಈ ಮಾತು ಮತ್ತೆ ಎತ್ತಬೇಡ ಎಂದರು. ಬಾಯಿ ಬಿಟ್ಟದ್ದಾಗಿತ್ತು, ನುಂಗುವಂತಿರಲಿಲ್ಲ.

ನನ್ನದು ಗೇರಿಲ್ಲದ ಸಣ್ಣ ಚಕ್ರದ ಸ್ಕೂಟರ್. ಡಾಂಬರಿನ ಮೇಲೆ ಅದು ರಾಣಿ, ಎರೆಮಣ್ಣಿನ ಮೇಲೆ ಎಣ್ಣೆ ಹಚ್ಚಿದ ಕಲ್ಲು. ನಮ್ಮ ಹಿರಿಯರು ಮಳೆ ಬಿದ್ದರೆ ಎರಡು ದಿನ ತಡೆದು, ಎರೆ ಆರಿದ ಮೇಲೆ ಹೊರಡುತ್ತಿದ್ದರು. ಕಾಲುವೆ ಬಂದ ಮೇಲೆ ಆ ಬುದ್ಧಿ ಕೆಲಸಕ್ಕೆ ಬರಲಿಲ್ಲ. ನೀರು ಬಿಟ್ಟ ತಿಂಗಳುಗಳಲ್ಲಿ ಮಳೆ ಇರಲಿ ಬಿಡಲಿ, ಗದ್ದೆಯ ನೀರು ಬಸಿದು ದಾರಿ ಕೆಸರಾಗಿಯೇ ಇರುತ್ತಿತ್ತು. ಇದನ್ನೆಲ್ಲ ಮಿಸ್ತ್ರಿ ಕಾಕಾನ ಮುಂದೆ ಹೇಳಿಕೊಂಡೆ. ಕಾಲುವೆ ಬಂದಾಗಿನಿಂದ ಅವರು ಸುತ್ತಲಿನ ಟ್ರ್ಯಾಕ್ಟರುಗಳ ಡಾಕ್ಟರು. ಕೇಳಿ ಮುಗಿಸುವ ಮೊದಲೇ, ಬಟನ್ ಟೈರು ಹಾಕೋಣ ಎಂದರು. ಉಬ್ಬುಬ್ಬಾಗಿ ರಬ್ಬರಿನ ಹಲ್ಲು ಎದ್ದಿರುವ, ಮಣ್ಣನ್ನು ಕಚ್ಚಿ ಹಿಡಿಯುವ ಟೈರು ಅದು. ಷೋಕಿಗೆ ಅದನ್ನು ಕೇಳಿಕೊಂಡು ಬರುತ್ತಿದ್ದ ಹುಡುಗರನ್ನು ಅವರು ಬೈದು ಅಟ್ಟುತ್ತಿದ್ದರು. ನನಗಾಗಿ ತಾವೇ ಕಲಬುರಗಿಯಿಂದ ತರಿಸಿದರು.

ಟೈರು ಹಾಕಿದ ದಿನ ಅಂಗಡಿಯ ಮುಂದೆ ತಮಾಷೆಯೇ ನಡೆಯಿತು. ಎದುರಿನ ಹಿಟ್ಟಿನ ಗಿರಣಿಯ ಮಾಲೀಕರು ಭಾರಿ ಆಳು. ಅವರನ್ನು ಕರೆದು ಹಿಂದೆ ಕೂರಿಸಿ, ನನ್ನನ್ನು ಮುಂದೆ ಕೂರಿಸಿ, ನಮ್ಮಿಬ್ಬರನ್ನೂ ಕುಲುಕಾಡಲು ಹೇಳಿ, ತಾವು ನೆಲಕ್ಕೆ ಒರಗಿ ಕಿರುಬೆರಳು ತೂರಿಸಿದರು. ಗಿರಣಿಯವರಿಗೆ ನಾಚಿಕೆ, ನನಗೆ ನಗು.

“ಖಾಲಿ ಗಾಡಿ ಸುಳ್ಳು ಹೇಳ್ತದ ಬಾಯಾರ,” ಎಂದರು ಕೆಳಗಿನಿಂದ. “ಹೊರಿ ಹೊತ್ತಾಗ ಖರೇ ಹೇಳ್ತದ.”

ಭಾರ ಬಿದ್ದಾಗಲೂ ಟೈರಿನ ಹಲ್ಲು ಮಡ್‌ಗಾರ್ಡಿಗೆ ತಾಗದೆ, ಒಂದು ಕಿರುಬೆರಳಿನಷ್ಟು ಸಂದಿ ಉಳಿಯಿತು. ನಾನು ಯುದ್ಧ ಗೆದ್ದವಳಂತೆ ಮನೆಗೆ ಹೋದೆ.

ಆ ಗುರುವಾರ ಸೋತೆ. ಕಾಲುವೆ ಏರಿಯ ಮೇಲೆ ಟೈರೇನೋ ಚೆನ್ನಾಗಿ ಕಚ್ಚಿ ಹಿಡಿಯಿತು. ಎಷ್ಟು ಚೆನ್ನಾಗಿ ಎಂದರೆ, ಕಚ್ಚಿದ ಮಣ್ಣನ್ನು ಬಿಡಲೇ ಇಲ್ಲ. ಸುತ್ತಿಗೆ ಸುತ್ತು ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ, ನಾದಿದ ಹಿಟ್ಟಿನಂತೆ ಬಿಗಿದು, ಮುಂದಿನ ಚಕ್ರ ತಟ್ಟನೆ ನಿಂತುಬಿಟ್ಟಿತು. ನಾನೊಂದು ಕಡೆ, ಡಬ್ಬಿಯೊಂದು ಕಡೆ. ಮುಚ್ಚಳ ತೆರೆದು ಐಸೆಲ್ಲ ಕೆಸರಿಗೆ ಬಿತ್ತು. ಲಸಿಕೆಯನ್ನು ಬಳಸುವಂತಿರಲಿಲ್ಲ. ಮೂರು ಕ್ಯಾಂಪಿನ ತಾಯಂದಿರು ಕಾದು ಕಾದು ಕೆಲಸಕ್ಕೆ ಹೋದರು. ಮರುದಿನ ನಮ್ಮ ಮೇಲಿನವರು, ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂದು ಎಲ್ಲರೆದುರು ನಕ್ಕು, ಬಹಳ ಕೇಳಿಕೊಂಡ ಮೇಲೆ ಇನ್ನೊಂದೇ ಒಂದು ಗುರುವಾರ ಕೊಟ್ಟರು.

ಆ ಸಿಟ್ಟನ್ನೆಲ್ಲ ತಂದು ಮಿಸ್ತ್ರಿ ಕಾಕಾನ ಮೇಲೆ ಸುರಿದೆ. ಗಿರಾಕಿಗಳು ನಿಂತಿದ್ದರು, ಗಿರಣಿಯವರೂ ಇದ್ದರು. ನೀವು ಮಾಡಿದ ಕೆಲಸಕ್ಕೆ ಮಕ್ಕಳ ಲಸಿಕೆ ಮಣ್ಣುಪಾಲಾಯಿತು ಎಂದೆ. ಇಂದು ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಅವರು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಮಡ್‌ಗಾರ್ಡಿನೊಳಗಿಂದ ಒಣಗಿದ ಒಂದು ಹೆಂಟೆ ಕಿತ್ತು, ಅದರ ಮೇಲೆ ಮೂಡಿದ್ದ ಟೈರಿನ ಅಚ್ಚನ್ನು ಬಹಳ ಹೊತ್ತು ನೋಡಿದರು.

“ತಪ್ಪು ನಂದದ,” ಎಂದರು. “ನಾ ಇದನ್ನ ಸಣ್ಣ ಟ್ರ್ಯಾಕ್ಟರ್ ಅಂತ ತಿಳಕೊಂಡೆ. ಟ್ರ್ಯಾಕ್ಟರಿನ ಗಾಲಿಗಿ ಮಣ್ಣು ಉಗುಳಾಕ ಜಾಗಾ ಅದ. ಇದರ ಬಾಯಿ ನಾನೇ ಮುಚ್ಚೀನಿ. ಮಂದಿ ಭಾರ ಅಳದೆ, ಮಣ್ಣಿನ ಭಾರ ಅಳೀಲಿಲ್ಲ.”

ತಪ್ಪನ್ನು ಸ್ಪೇರ್ ಪಾರ್ಟಿನ ಮೇಲೋ ಓಡಿಸುವವರ ಮೇಲೋ ಹಾಕುವ ಮೆಕ್ಯಾನಿಕ್‌ಗಳನ್ನು ಬೇಕಾದಷ್ಟು ಕಂಡಿದ್ದೆ. ನಾಲ್ಕು ಜನರ ಮುಂದೆ ನನ್ನದು ಎಂದವರನ್ನು ಕಂಡದ್ದು ಅದೇ ಮೊದಲು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಮರುದಿನ ಅವರು ಅಂಗಡಿ ಮುಚ್ಚಿದರು. ಕಾಲುವೆಗೆ ಹೋಗೋಣ, ನೀವು ಓಡಿಸಿ, ನಾನು ಹಿಂದೆ ಕೂರುತ್ತೇನೆ ಎಂದರು. ನಟ್ಟು ಬಿಚ್ಚುವ ಪಾನಾ, ಸುತ್ತಿಗೆ, ಗರಗಸ ತುಂಬಿದ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಹೆಣ್ಣುಮಗಳ ಹಿಂದೆ ಕೂತು ಪೇಟೆಯ ನಡುವೆ ಹೊರಟ ಮಿಸ್ತ್ರಿಯನ್ನು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಕೆಸರಿನಲ್ಲಿ ಚಕ್ರ ಸಿಕ್ಕಿಕೊಳ್ಳುವವರೆಗೂ ಓಡಿಸಲು ಹೇಳಿದರು. ಸಿಕ್ಕಿಕೊಂಡ ಮೇಲೆ ಮಣ್ಣು ಮೊದಲು ಎಲ್ಲಿ ಹಿಡಿದಿದೆ ಎಂದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಕೆರೆದು, ತೊಳೆದು, ಮತ್ತೆ ಓಡಿಸಿ ಎಂದರು. ಹೀಗೆ ಮೂರು ಸಲ. ನಡುವೆ ಏರಿಯ ಮೇಲೆ ಕೂತು ಅವರ ಮನೆಯ ಜೋಳದ ರೊಟ್ಟಿ, ನಮ್ಮ ಕಡೆಯ ಚಟ್ನಿಪುಡಿ ಶೇಂಗಾ ಹಿಂಡಿ ತಿಂದೆವು.

ಆಮೇಲೆ ಅಲ್ಲೇ ಕೂತು, ಚೀಲದಲ್ಲಿ ತಂದಿದ್ದ ಹಳೆಯ ಪೈಪಿನಿಂದ ಎರಡು ಬೆರಳಗಲ ಉದ್ದದ ತುಂಡುಗಳನ್ನು ಕತ್ತರಿಸಿ, ಮುಂದಿನ ಮಡ್‌ಗಾರ್ಡಿನ ಕೆಳಗೆ ಕೊಟ್ಟು, ಉದ್ದನೆಯ ಬೋಲ್ಟು ಹಾಕಿ ಅದನ್ನು ಮೇಲಕ್ಕೆತ್ತಿದರು. ಮಣ್ಣು ಮೊದಲು ಹಿಡಿಯುತ್ತಿದ್ದ ಹಿಂದಿನ ಅಂಚನ್ನು ಗರಗಸದಿಂದ ಕೊಯ್ದರು. ಹಿಂದಿನ ಚಕ್ರದ ಪ್ಲಾಸ್ಟಿಕ್ ತೆಗೆದು ಅಲ್ಲಿ ಹಳೆಯ ಟ್ಯೂಬಿನ ಪಟ್ಟಿಯೊಂದನ್ನು ಸಡಿಲವಾಗಿ ತೂಗುಬಿಟ್ಟರು. ಅದು ಅಲುಗಾಡಿದಾಗಲೆಲ್ಲ ಮಣ್ಣು ಉದುರುತ್ತಿತ್ತು. ಈಗ ಸಂದಿಯಲ್ಲಿ ಮೂರು ಬೆರಳು ಹಾಯುತ್ತಿದ್ದವು. ಗಾಡಿಯ ಅಂದ ಮಾತ್ರ ಹೋಯಿತು, ಕತ್ತು ಎತ್ತಿದ ಕೋಳಿಯಂತೆ ಕಾಣುತ್ತಿತ್ತು.

ಮುಗಿಯಿತು ಎಂದು ನಾನು ಕೀಲಿ ಕೈಗೆ ತೆಗೆದುಕೊಂಡರೆ, ಕಸಿದುಕೊಂಡು ಪಾನಾ ಕೊಟ್ಟರು. ಮುಂದಿನ ಚಕ್ರ ಬಿಚ್ಚಿ ಮತ್ತೆ ಹಾಕಿ ತೋರಿಸಬೇಕಂತೆ. ಕೈ ಗ್ರೀಸಾಗುತ್ತದೆ, ಇದೆಲ್ಲ ನನ್ನ ಕೆಲಸವಲ್ಲ ಎಂದು ಗೊಣಗಿದೆ.

“ಚಕ್ರ ಸಿಕ್ಕಾಗ ನಾ ಇಲ್ಲಿ ಇರಂಗಿಲ್ರಿ ಬಾಯಾರ,” ಎಂದರು. “ನೀವಿರ್ತೀರಿ.”

ಬಿಚ್ಚಿದೆ, ಹಾಕಿದೆ. ಎರಡನೆಯ ಸಲ ಹಾಕಿದಾಗ ತಲೆಯಾಡಿಸಿದರು. ಆ ಮಳೆಗಾಲದಲ್ಲಿ ನಾನು ಮತ್ತೆ ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಮುಂದಿನ ಮಳೆಗಾಲ ಬರುವಷ್ಟರಲ್ಲಿ ನಮ್ಮ ಮೇಲಿನವರು ಊರಲ್ಲೇ ಕೂರುವ ಆ ಮಾತನ್ನೇ ಮರೆತಿದ್ದರು, ನಾನು ಮರೆಯಲಿಲ್ಲ. ಸಂಜೆ ಅಂಗಡಿಯ ಮುಂದೆ ಹಾಯ್ದರೆ ಮಿಸ್ತ್ರಿ ಕಾಕಾ ಗಾಡಿ ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಅದು ಹೇಗಿದೆಯೆಂದು ಅವರಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಎಲ್ಲ ಮಕ್ಕಳಿಗೂ ಹಾಕಿ ಬಂದಿರಾ ಎಂದಷ್ಟೇ ಕೇಳುತ್ತಿದ್ದರು. ಹೌದು ಎಂದರೆ ಚಹಾ, ಯಾರಾದರೂ ಉಳಿದಿದ್ದಾರೆ ಎಂದರೆ ಯಾಕೆ ಎಂಬ ಪ್ರಶ್ನೆ. ನನ್ನ ಮೇಲಿನವರಿಗಿಂತ ಅವರಿಗೇ ನಾನು ಹೆಚ್ಚು ಹೆದರುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಅವರಿಗೆ ಉಬ್ಬಸ ಹಿಡಿಯಿತು. ಅಂಗಡಿಗೆ ಬರುವುದು ಕಡಿಮೆಯಾಯಿತು. ಅವರು ಹೋದ ಸುದ್ದಿ ಬಂದದ್ದು ಗುರುವಾರ ಬೆಳಿಗ್ಗೆ, ನಾನು ಡಬ್ಬಿಗೆ ಐಸು ತುಂಬುತ್ತಿದ್ದಾಗ. ಮೂರು ದಿನದಿಂದ ಮಳೆ ಹಿಡಿದಿತ್ತು. ಮಧ್ಯಾಹ್ನ ಎರಡಕ್ಕೆ ಮಣ್ಣು ಮಾಡುತ್ತಾರೆಂದರು. ಕ್ಯಾಂಪಿಗೆ ಹೋದರೆ ಎರಡಕ್ಕೆ ತಿರುಗಿ ಬರಲಾಗದು. ಹೋಗದಿದ್ದರೆ ತಾಯಂದಿರು ಕೂಲಿ ಬಿಟ್ಟು ಕಾಯುತ್ತಾರೆ. ಐಸು ಹಿಡಿದುಕೊಂಡೇ ಅತ್ತೆ. ಆಮೇಲೆ ಡಬ್ಬಿ ಕಟ್ಟಿಕೊಂಡು ಕ್ಯಾಂಪಿನ ದಾರಿ ಹಿಡಿದೆ. ಅವರ ಮುಖ ಮತ್ತೆ ನೋಡಲು ಸಿಗುವುದಿಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿಗೆ ಹೇಳಿಕೊಂಡೆ.

ಕೊನೆಯ ಕ್ಯಾಂಪಿನ ಕೊನೆಯ ಮಗುವಿಗೆ ಹಾಕಿ ಮುಗಿಸಿ, ಅದೇ ಕೆಸರಿನಲ್ಲಿ ಮರಳಿ ರಂಗಂಪೇಟೆ ಮುಟ್ಟಿದಾಗ ನಾಲ್ಕು ದಾಟಿತ್ತು. ಮೊಣಕಾಲುದ್ದ ಮಣ್ಣು ಮೆತ್ತಿಕೊಂಡು ಅವರ ಓಣಿಗೆ ತಿರುಗಿದರೆ, ಮನೆಯ ಮುಂದೆ ಜನ ಇನ್ನೂ ಕೊಡೆ ಹಿಡಿದು ನಿಂತಿದ್ದರು. ಅವರನ್ನು ಎತ್ತಿರಲಿಲ್ಲ. ನನ್ನನ್ನು ಕಂಡು ದಾರಿ ಬಿಟ್ಟರು. ನಾನು ಹೋಗಿ ಅವರ ಕಾಲು ಮುಟ್ಟಿದೆ, ಮುಖ ನೋಡಿದೆ, ಮನಸ್ಸು ತುಂಬುವಷ್ಟು ನೋಡಿದೆ.

ಗಿರಣಿಯವರು ಆಮೇಲೆ ಹೇಳಿದರು. ತೆಗೆದ ಕುಣಿಯಲ್ಲಿ ನೀರು ನಿಲ್ಲುತ್ತದೆ, ಹೊತ್ತಾಯಿತು ಎಂದು ಹಿರಿಯರು ಎರಡು ಗಂಟೆಯಿಂದ ಅವಸರ ಮಾಡುತ್ತಿದ್ದರಂತೆ. ಮಿಸ್ತ್ರಿ ಕಾಕಾನ ಹೆಂಡತಿ ಮಾತ್ರ, ಬಾಯಾರು ಬರುವವರೆಗೆ ಎತ್ತಬೇಡಿ ಎಂದು ಹೊಸ್ತಿಲಲ್ಲಿ ಕೂತುಬಿಟ್ಟಿದ್ದರಂತೆ. ಈ ಮಳೆಯಲ್ಲಿ ಕಾಲುವೆ ದಾರಿಯಿಂದ ಅವರು ಹೇಗೆ ಬರುತ್ತಾರೆ ಎಂದು ಯಾರೋ ಕೇಳಿದ್ದಕ್ಕೆ ಆ ತಾಯಿ ತಲೆ ಕೂಡ ಎತ್ತದೆ ಹೇಳಿದ್ದು ಇಷ್ಟೇ:

“ಗಾಡಿ ಇವರು ಮಾಡಿಕೊಟ್ಟದ್ದದ. ಬರ್ತಾರ.”