ಅಳಿಸಲು ಬಿಡದ ಗಿರಿಜಾದೇವಿ

ಬೆಳಗ್ಗೆ ಐದು ಗಂಟೆ ಹತ್ತು ನಿಮಿಷ. ತಿರುವೊಟ್ಟಿಯೂರಿನಲ್ಲಿ ಸಮುದ್ರಕ್ಕೆ ಎರಡು ಬೀದಿ ಹಿಂದಿರುವ ಮನೆಯೊಂದರ ಅಡುಗೆಮನೆಯಲ್ಲಿ ಗಿರಿಜಾದೇವಿ ಸ್ಟೂಲಿನ ಮೇಲೆ ಕೂತಿದ್ದಾರೆ. ಎದುರಿನ ಕಡಪಾ ಕಲ್ಲಿನ ಕಟ್ಟೆಯ ಮೇಲೆ, ಮಿಕ್ಸಿ ಇರಬೇಕಾದ ಜಾಗದಲ್ಲಿ, ಹಳೆಯ ಕಂಪ್ಯೂಟರೊಂದು ಗುಂಯ್ಗುಡುತ್ತಿದೆ. ಅದರ ಜಾಲರಿಗೆ ಅಂಟಿದ ಉಪ್ಪುಧೂಳನ್ನು ಅವರು ಪೇಂಟ್ ಬ್ರಷ್‌ನಿಂದ ಕೆರೆದು ತೆಗೆಯುತ್ತಿದ್ದಾರೆ. ಕಣ್ಣು ಮಾತ್ರ ಪರದೆಯ ಮೇಲಿದೆ. ಕಪ್ಪು ಪರದೆ, ಬಿಳಿ ಅಕ್ಷರ.

ಐದು ಹದಿನಾಲ್ಕಕ್ಕೆ ಅಲ್ಲೊಂದು ಸಾಲು ಮೂಡುತ್ತದೆ. ಬೆನ್ನಿಗೇ ಇನ್ನೊಂದು, ಮತ್ತೆರಡು.

"ಬಂತು ನೋಡ್ರಿ," ಎನ್ನುತ್ತಾರೆ. ಆಗಲೇ ನನ್ನ ಮೂಗಿಗೂ ಬಂದಿದೆ. ಕೊಳೆತ ಮೊಟ್ಟೆಗೆ ಸೀಮೆಎಣ್ಣೆ ಬೆರೆಸಿದಂಥ ವಾಸನೆ. ಗಂಟಲಲ್ಲಿ ಏನೋ ಗೀರಿದ ಹಾಗಾಗುತ್ತದೆ. ಪಕ್ಕದ ಮನೆಯ ಮಾಧವಿ ಗೋಡೆಯಾಚೆಯಿಂದ ತಮಿಳಿನಲ್ಲಿ ಕೂಗುತ್ತಾರೆ: "ಅಕ್ಕಾ, ವಂದಿರುಚ್ಚು!" ಬಂದುಬಿಟ್ಟಿತು ಅಂತ. "ತೆರಿಯುದು ಮಾ, ಫೋನ್‌ಲೆ ಪೋಡು," ಎಂದು ಗಿರಿಜಾದೇವಿ ಇಲ್ಲಿಂದಲೇ ಉತ್ತರ ಕೊಡುತ್ತಾರೆ. ಗೊತ್ತಮ್ಮ, ಫೋನಿನಲ್ಲಿ ಹಾಕು. ಅರೆ ನಿಮಿಷದಲ್ಲಿ ಮಾಧವಿಯ ದೂರೂ ಸಾಲಾಗಿ ಪರದೆಗೆ ಬರುತ್ತದೆ: ಬೀದಿಯ ಹೆಸರು, ಹೊತ್ತು, 'ಕಣ್ಣುರಿ, ಅತ್ತೆಗೆ ವಾಂತಿ.'

ಪಕ್ಕದ ಕಾರ್ಖಾನೆಯೊಂದು ಬೆಳಗಿನ ಜಾವ ಗಾಳಿಗೆ ಬಿಡುವ ಈ ವಿಷವನ್ನು ಕುಡಿಯುವವರು ಸುಮಾರು ಹದಿನೆಂಟು ಬೀದಿಗಳ ಜನ. ಅವರ ದೂರುಗಳನ್ನು ಹೊತ್ತು ಸಮೇತ ದಾಖಲಿಸಿ, ಜಗತ್ತಿನಲ್ಲಿ ಯಾರು ಬೇಕಾದರೂ ಓದುವಂತೆ ಇಡುವ ಜಾಲತಾಣ ಈ ಅಡುಗೆಮನೆಯಿಂದಲೇ ನಡೆಯುತ್ತದೆ. ಯಾವುದೇ ಕಂಪನಿಯ ಬಾಡಿಗೆ ಜಾಗದಲ್ಲಿ ಅದು ಇಲ್ಲ. ಸರ್ವರ್ ಎಂದರೆ ಇದೇ ಪೆಟ್ಟಿಗೆ. ಸಾಮಾನ್ಯ ದಿನ ನೂರೈವತ್ತು ಜನ ಪುಟ ತೆರೆಯುತ್ತಾರೆ, ಮೂವತ್ತರಷ್ಟು ದೂರು ಬರುತ್ತವೆ. ವಾಸನೆ ಜೋರಾದ ದಿನ ನೂರು ದಾಟುತ್ತವೆ. ಪುಟದಲ್ಲಿ ಒಂದೇ ಒಂದು ಚಿತ್ರವಿಲ್ಲ, ಅಲಂಕಾರವಿಲ್ಲ. ಮೀನು ಮಾರುವವರ ಕೈಯಲ್ಲಿರುವ, ಗಾಜು ಒಡೆದ ಫೋನಿನಲ್ಲೂ ಅದು ತಟ್ಟನೆ ತೆರೆದುಕೊಳ್ಳುತ್ತದೆ.

ಎಲೆಮರೆಯ ಕಾಯಿಗಳ ಬಗ್ಗೆ ಬರೆಯಲು ಬಂದಿದ್ದೇನೆ ಎಂದದ್ದಕ್ಕೆ ಅವರು ನನ್ನ ಮೇಲೆ ರೇಗಿದರು. "ಮರೆಯಾಗ ನಾ ಎಲ್ಲಿದ್ದೀನ್ರಿ? ವಿಳಾಸ ಹಾಕೀನಿ, ಇಪ್ಪತ್ನಾಕು ತಾಸು ಬಾಗಿಲಾ ತೆಗದಿಟ್ಟೀನಿ. ನೋಡಬೇಕಾದವ್ರು ನೋಡವಲ್ರು, ಅಷ್ಟಾ." ಅವರು ಹೇಳಿದ್ದು ಸರಿ. ನಾನು ಮಾತು ಬದಲಿಸಿದೆ.

ಗಿರಿಜಾದೇವಿಗೆ ಈಗ ಐವತ್ತಮೂರು. ತವರು ಕೊಟ್ಟೂರು. ಮದುವೆಯಾಗಿ ಮದ್ರಾಸಿಗೆ ಬಂದಾಗ ಕೈಯಲ್ಲಿ ಡಿಪ್ಲೊಮಾ ಇತ್ತು. ಗಂಡ ಕೊಟ್ರಪ್ಪನವರದು ಸಣ್ಣ ಹಾರ್ಡ್‌ವೇರ್ ಅಂಗಡಿ. ಇಪ್ಪತ್ತನಾಲ್ಕು ವರ್ಷಗಳಿಂದ ಗಿರಿಜಾದೇವಿ ಗಿಂಡಿಯ ಕೈಗಾರಿಕಾ ಎಸ್ಟೇಟಿನ ವರ್ಕ್‌ಷಾಪ್ ಒಂದರಲ್ಲಿ ಪ್ರೆಶರ್ ಗೇಜುಗಳನ್ನು ಪರೀಕ್ಷಿಸುತ್ತಾರೆ. ಬಾಯ್ಲರುಗಳ ಮೇಲೆ ಮುಳ್ಳು ತೋರಿಸುವ ಆ ದುಂಡನೆಯ ಮಾಪಕಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ನೋಡುವುದು ಅವರ ಕೆಲಸ. ದಿನಕ್ಕೆ ನಲವತ್ತು ಗೇಜು. ಏಳೂಕಾಲಿಗೆ ಮೆಟ್ರೊ ಹತ್ತಿದರೆ ಮನೆಗೆ ಮರಳುವುದು ಸಂಜೆ ಏಳಕ್ಕೆ. "ಮುಳ್ಳು ಸುಳ್ಳು ಹೇಳಿದ್ರ ಮನುಷಾ ಸಾಯ್ತಾನ್ರಿ. ಅದಕ್ಕ ನನಗ ಸುಳ್ಳು ಕಂಡ್ರ ಆಗಂಗಿಲ್ಲ," ಎನ್ನುತ್ತಾರೆ.

ಸುಳ್ಳು ಮನೆಬಾಗಿಲಿಗೆ ಬಂದದ್ದು ಏಳು ವರ್ಷದ ಹಿಂದೆ. ಮಗಳು ಪೂರ್ಣಿಮಾ ಆಗ ಒಂಬತ್ತನೇ ತರಗತಿ. ಒಂದು ಮುಂಜಾವು ಹಾಸಿಗೆಯಲ್ಲಿ ಎದ್ದು ಕೂತು, ಎರಡೂ ಕೈಯಿಂದ ಅಮ್ಮನ ಸೀರೆ ಹಿಡಿದು, "ಅಮ್ಮಾ, ಮೂಚ್ಚು ವಿಡ ಮುಡಿಯಲ" ಎಂದಳು. ಉಸಿರಾಡಲು ಆಗುತ್ತಿಲ್ಲ ಎಂಬುದಷ್ಟೇ ಆ ಮಾತು. ತುಟಿ ನೀಲಿಯಾಗಿತ್ತು. ಆಟೊ ಸಿಗದೆ ಕೊಟ್ರಪ್ಪ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ನರ್ಸಿಂಗ್ ಹೋಮಿಗೆ ಓಡಿದರು. ಅಲ್ಲಿ ಅದೇ ಬೆಳಗ್ಗೆ ಇನ್ನೂ ಐದು ಮಕ್ಕಳು ಮುಖಕ್ಕೆ ಮಾಸ್ಕ್ ಹಾಕಿಸಿಕೊಂಡು ಸಾಲಾಗಿ ಕೂತಿದ್ದವು.

ಮಗಳು ಚೇತರಿಸಿಕೊಂಡ ಮೇಲೆ ಗಿರಿಜಾದೇವಿ ಮಾಲಿನ್ಯ ನಿಯಂತ್ರಣ ಕಚೇರಿಗೆ ಹೋದರು. ಅಲ್ಲಿದ್ದವರು ಫೈಲು ತಿರುವಿ ಹೇಳಿದರಂತೆ: "ನಿಮ್ಮ ಏರಿಯಾದಿಂದ ಒಂದು ಕಂಪ್ಲೇಂಟೂ ಬಂದಿಲ್ಲವಲ್ಲ ಮೇಡಂ." ಆರು ಮಕ್ಕಳು ಒಂದೇ ಕೋಣೆಯಲ್ಲಿ ಏದುಸಿರು ಬಿಟ್ಟದ್ದು ಯಾವ ಕಾಗದದಲ್ಲೂ ಇರಲಿಲ್ಲ. ಬರೆಯದಿದ್ದದ್ದು ನಡೆದೇ ಇಲ್ಲ ಎಂಬ ಲೆಕ್ಕ.

ಅಂದೇ ಅವರು ಒಂದು ನೋಟ್‌ಬುಕ್ ಕೊಂಡರು. ಕೆಲವು ತಿಂಗಳಲ್ಲಿ ಅದು ಸಾಲದಾಯಿತು. ಪೂರ್ಣಿಮಾ ತನ್ನ ಫೋನಿನಲ್ಲೇ ಜಾಲತಾಣಗಳಿಗೆ ಜಾಗ ಬಾಡಿಗೆಗೆ ಕೊಡುವ ಒಂದು ಹೋಸ್ಟಿಂಗ್ ಕಂಪನಿಯಲ್ಲಿ ಪುಟ ಮಾಡಿಕೊಟ್ಟಳು. ನಾಲ್ಕು ವರ್ಷ ಜನ ಬರೆದರು. ಒಟ್ಟು ಆರು ಸಾವಿರದ ಮುನ್ನೂರು ಚಿಲ್ಲರೆ ದೂರುಗಳು.

ಆಮೇಲೊಂದು ಶುಕ್ರವಾರ, ಗೇಜಿನ ಸ್ಕ್ರೂ ತಿರುಗಿಸುತ್ತಿದ್ದಾಗ, ಅವರಿಗೆ ಒಂದು ಮೇಲ್ ಬಂತು. ಕಾರ್ಖಾನೆಯ ವಕೀಲರು ಹೋಸ್ಟಿಂಗ್ ಕಂಪನಿಗೆ ನೋಟಿಸು ಕಳಿಸಿದ್ದರು. ಕಂಪನಿ ಏನನ್ನೂ ಕೇಳಲಿಲ್ಲ, ಗಡುವು ಕೊಡಲಿಲ್ಲ. 'ನಿಯಮಗಳ ಉಲ್ಲಂಘನೆ' ಎಂಬ ಎರಡು ಪದ ಬರೆದು ಎಲ್ಲವನ್ನೂ ಅಳಿಸಿಬಿಟ್ಟಿತು. ಗಿರಿಜಾದೇವಿ ಹನ್ನೊಂದು ಸಲ ಬರೆದರು. ಹನ್ನೊಂದು ಸಲವೂ ಮೆಷಿನ್ನೇ ಉತ್ತರ ಕೊಟ್ಟಿತು: ನಿಮ್ಮ ತಾಳ್ಮೆಗೆ ಧನ್ಯವಾದ. ಅವರ ಬಳಿ ಉಳಿದದ್ದು ಪ್ರಿಂಟ್ ತೆಗೆದಿಟ್ಟಿದ್ದ ಒಂಬೈನೂರು ಸಾಲುಗಳು ಮಾತ್ರ.

"ನನ್ನ ಮಗಳ ನೀಲಿ ತುಟೀನ ಅಳಿಸಿಬಿಟ್ರು," ಎನ್ನುತ್ತಾರೆ ಗಿರಿಜಾದೇವಿ. ಧ್ವನಿ ಏರಿಸುವುದಿಲ್ಲ. ಕೈಯಲ್ಲಿದ್ದ ಬ್ರಷ್ಷಿನ ಹಿಡಿ ಮಾತ್ರ ಕಟ್ಟೆಗೆ ಬಡಿಯುತ್ತದೆ. "ಬಾಡಿಗಿ ಮನ್ಯಾಗ ಇದ್ರ ಮಾಲೀಕ ಹೊರಗ ಹಾಕ್ತಾನ. ಸರಿ ಹಂಗಾರ, ನಮ್ಮನ್ಯಾಗ ಇಡ್ತೀನಿ, ಯಾವನು ಬರ್ತಾನ ನೋಡೇಬಿಡಾಮು ಅಂದೆ."

ಹೇಳಿದಷ್ಟು ಸುಲಭವಿರಲಿಲ್ಲ. ವರ್ಕ್‌ಷಾಪಿನ ಮಾಲೀಕ ರಮೇಶ್ ಗುಜರಿಗೆ ಹಾಕಲಿದ್ದ ಕಂಪ್ಯೂಟರನ್ನು ಕೊಟ್ಟರು. ಅದರ ಮೇಲಿದ್ದುದನ್ನೆಲ್ಲ ಒರೆಸಿ, ಯೂನಿಕ್ಸ್ ವಂಶದ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಲು ಗಿರಿಜಾದೇವಿ ಕೂತರು. ಅದು ಉಚಿತ, ಯಾರ ಅಪ್ಪಣೆಯೂ ಬೇಕಿಲ್ಲ, ಹಳೆಯ ಪೆಟ್ಟಿಗೆಯಲ್ಲೂ ಓಡುತ್ತದೆ. ಆದರೆ ಅದರಲ್ಲಿ ಒತ್ತಲು ಬಟನ್ನುಗಳಿಲ್ಲ. ಪ್ರತಿಯೊಂದು ಆಜ್ಞೆಯನ್ನೂ ಅಕ್ಷರ ತಪ್ಪದೆ ಟೈಪ್ ಮಾಡಬೇಕು. ಅದರ ಕೈಪಿಡಿಯನ್ನು ಪ್ರಿಂಟ್ ಹಾಕಿಸಿ ಮೆಟ್ರೊದಲ್ಲಿ ಹೋಗುತ್ತ ಬರುತ್ತ ಓದಿದರು. ಮೊದಲ ಸಲ ತಪ್ಪು ಡಿಸ್ಕಿನ ಹೆಸರು ಕೊಟ್ಟು, ಉಳಿದ ದೂರುಗಳನ್ನು ಟೈಪ್ ಮಾಡಿ ಹಾಕಿಟ್ಟಿದ್ದ ಪೆನ್‌ಡ್ರೈವನ್ನೇ ಒರೆಸಿಹಾಕಿದರು. ಕಾಗದದಲ್ಲಿದ್ದ ಒಂಬೈನೂರನ್ನು ಮತ್ತೆ ಕೈಯಾರೆ ಟೈಪ್ ಮಾಡಿದರು.

ನಾಲ್ಕನೇ ಭಾನುವಾರ ಸರ್ವರ್ ಎದ್ದು ನಿಂತಿತು. ಮನೆಯೊಳಗಿನ ಫೋನಿನಲ್ಲಿ ಪುಟ ಕಾಣುತ್ತಿತ್ತು. ಪಕ್ಕದ ಮನೆಯ ಮಾಧವಿಯ ಫೋನಿನಲ್ಲಿ ಇಲ್ಲ. ಕಾರಣ ತಿಳಿಯಲು ಒಂದು ವಾರ ಬೇಕಾಯಿತು. ಇಂಟರ್ನೆಟ್ ಕೊಡುವವರು ನೂರಾರು ಮನೆಗಳಿಗೆ ಸೇರಿ ಜಾಲದಲ್ಲಿ ಒಂದೇ ವಿಳಾಸ ಕೊಟ್ಟಿದ್ದರು. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಮನೆ ಹುಡುಕಿಕೊಂಡು ಬರಲಾಗದು. ತನ್ನದೇ ಒಂದು ಕಾಯಂ ವಿಳಾಸ ಬೇಕೆಂದು ಕೇಳಿದರೆ ಕಸ್ಟಮರ್ ಕೇರಿನವರು ನಕ್ಕರಂತೆ. "ಮನೇಲಿ ಇರೋರಿಗೆ ಅದ್ಯಾಕೆ ಮೇಡಂ? ಸೀರಿಯಲ್ ಚೆನ್ನಾಗಿ ಬರ್ತಿದೆ ತಾನೆ?"

ಈ ಮಾತು ಹೇಳುವಾಗ ಗಿರಿಜಾದೇವಿಯ ಮುಖ ಕೆಂಪಾಗುತ್ತದೆ, ಕೇಳುವ ನನ್ನದೂ. ನಾವು ದುಡ್ಡು ಕೊಟ್ಟು ಕೊಳ್ಳುವ ಈ ತಂತಿಯಲ್ಲಿ ನಾವು ನೋಡಬೇಕು, ಕೊಳ್ಳಬೇಕು, ನಗಬೇಕು. ಮಾತಾಡುತ್ತೇನೆ ಎಂದರೆ ಮಾತ್ರ ಫಾರಂ ತುಂಬಬೇಕು. ಅವರು ಐದು ವಾರ ಫೋನು ಮಾಡಿದರು. ರಜೆ ಹಾಕಿ ಎರಡು ಸಲ ನುಂಗಂಬಾಕ್ಕಂ ಕಚೇರಿಗೆ ಹೋಗಿ ಕೌಂಟರಿನ ಮುಂದೆ ಕೂತರು. ಕೊನೆಗೆ ವಿಳಾಸ ಸಿಕ್ಕಿತು. ರೂಟರಿನಲ್ಲಿ ಹೊರಗಿನವರು ಬರಲು ಎರಡು ಬಾಗಿಲು ಮಾತ್ರ ತೆರೆದು ಉಳಿದವನ್ನೆಲ್ಲ ಮುಚ್ಚಿದರು. ಅಂದು ಸಂಜೆ ಮಾಧವಿ ಮೀನಿನ ಬುಟ್ಟಿ ಕೆಳಗಿಟ್ಟು, ಒದ್ದೆ ಕೈ ಸೀರೆಗೆ ಒರೆಸಿಕೊಂಡು, ತನ್ನ ಫೋನಿನಲ್ಲಿ ಪುಟ ತೆರೆದರು. ತೆರೆಯಿತು.

ಇದೆಲ್ಲ ಬೇಡವೆಂದವರು ಕೊಟ್ರಪ್ಪ. ಯಾರೋ ಅಂಗಡಿಗೆ ಬಂದು ಮೊಳೆ ಕೊಳ್ಳುತ್ತ, ನಿಮ್ಮ ಹೆಂಡತಿಗೆ ಸ್ವಲ್ಪ ಬುದ್ಧಿ ಹೇಳಿ ಅಂದು ಹೋಗಿದ್ದರಂತೆ. "ಹೆದರಿಕಿ ಆಗಿತ್ರಿ. ಇವಳಿಗೆ ಅಂದೆ, ಬಿಡವ್ವಾ, ಊರ ಉಸಾಬರಿ ನಮಗ್ಯಾಕ ಅಂತ," ಎನ್ನುತ್ತಾರೆ ಅವರು. ಹೆಂಡತಿ ಏನಂದರು? ಕೊಟ್ರಪ್ಪ ನೆಲ ನೋಡುತ್ತಾರೆ. "ನೀವು ಅವತ್ತು ಕೂಸಿನ್ನ ಹೊತಗೊಂಡು ಓಡಿದಿರಲ್ಲ, ಆ ಹೆಗಲಿಗೆ ನೆನಪೈತಿಲ್ಲೋ ಅಂದ್ಳು." ಈಗ ಕರೆಂಟು ಹೋದಾಗ ಸರ್ವರ್ ನಡೆಸುವ ಇನ್ವರ್ಟರ್ ಬ್ಯಾಟರಿಗೆ ನೀರು ತುಂಬುವ ಕೆಲಸ ಅವರದೇ.

ಕಳೆದ ವರ್ಷ ನವೆಂಬರಿನ ಒಂದು ಬೆಳಗ್ಗೆ ವಾಸನೆ ಎಂದಿನಂತೆ ಬರಲಿಲ್ಲ. ಮೋಡದ ಹಾಗೆ ಬಂತು. ಬೀದಿಯ ನಾಯಿಗಳು ಓಡಿದವು. ನಲವತ್ತು ನಿಮಿಷದಲ್ಲಿ ಇನ್ನೂರ ಹನ್ನೆರಡು ದೂರು ದಾಖಲಾದವು. ಅರವತ್ತೆರಡು ಜನ ಆಸ್ಪತ್ರೆ ಸೇರಿದರು. ಸುದ್ದಿಯಾಯಿತು, ವಿಚಾರಣೆಗೆ ದಿನ ನಿಗದಿಯಾಯಿತು. ಗಿರಿಜಾದೇವಿ ಅರ್ಧ ದಿನದ ರಜೆ ಹಾಕಿ, ಇನ್ನೂರ ಹನ್ನೆರಡೂ ಸಾಲಿನ ಪ್ರಿಂಟ್ ಹಿಡಿದು ಹೋದರು.

ಕಾರ್ಖಾನೆಯ ವಕೀಲರು ಕಾಗದವನ್ನು ಮುಟ್ಟಲೂ ಇಲ್ಲ. "ಸರ್, ಇದು ಈಯಮ್ಮನ ಅಡುಗೆಮನೆಯಲ್ಲಿರೋ ಮೆಷಿನ್ನು. ಕೂತು ತಾನೇ ಟೈಪ್ ಮಾಡಿರಬಹುದು," ಎಂದರು. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ತಲೆಯಾಡಿಸಿದರು. ಬಾಡಿಗೆ ಜಾಗದಲ್ಲಿಟ್ಟರೆ ಅಳಿಸುತ್ತಾರೆ. ಮನೆಯಲ್ಲಿಟ್ಟರೆ ನಂಬುವುದಿಲ್ಲ. ಬಡವರ ಸಾಕ್ಷಿಗೆ ನಿಲ್ಲಲು ಇವರು ಎಲ್ಲಿ ಜಾಗ ಕೊಡುತ್ತಾರೆ?

ಆದರೆ ಗಿರಿಜಾದೇವಿ ಗೇಜು ನೋಡುವ ಹೆಂಗಸು. "ನಮ್ಮ ಕೆಲಸದಾಗ ಒಂದಾ ಗೇಜ್ ನಂಬಂಗಿಲ್ರಿ," ಎಂದು ಅವರು ಅಂದು ಹೇಳಿದ್ದನ್ನು ನನಗೆ ಕನ್ನಡದಲ್ಲಿ ಹೇಳುತ್ತಾರೆ. "ಪಕ್ಕದಾಗ ಇನ್ನೆರಡು ಇಟ್ಟು ನೋಡ್ತೀವಿ. ಇದೂ ಹಂಗಾ." ಪ್ರತಿ ದೂರೂ ಬಂದ ಒಂದೇ ನಿಮಿಷದಲ್ಲಿ ಬೇರೆ ಎರಡು ಪೆಟ್ಟಿಗೆಗಳಿಗೆ ನಕಲಾಗುವಂತೆ ಅವರು ಮೊದಲೇ ಏರ್ಪಾಡು ಮಾಡಿದ್ದರು. ಒಂದು ಮಾಧವಿಯ ಮನೆಯಲ್ಲಿ, ಇನ್ನೊಂದು ಗಿಂಡಿಯಲ್ಲಿ ರಮೇಶ್ ಅವರ ವರ್ಕ್‌ಷಾಪಿನಲ್ಲಿ. ಒಮ್ಮೆ ನಕಲಾದದ್ದನ್ನು ಗಿರಿಜಾದೇವಿಯೂ ಅಲ್ಲಿ ಹೋಗಿ ತಿದ್ದಲಾಗದು. "ಯಾವುದಾದರೂ ಒಂದು ನಂಬರ್ ಹೇಳಿ ಸಾರ್," ಎಂದರು.

ಅಧಿಕಾರಿ ನೂರನಲವತ್ತೇಳು ಎಂದರು. ರಮೇಶ್‌ಗೆ ಫೋನು ಹೋಯಿತು. ಸ್ಪೀಕರಿನಲ್ಲಿ ಅವರು ತಮಿಳಿನಲ್ಲಿ ಓದಿದರು: ಐದು ಐವತ್ತೊಂದು, ಪಿಳ್ಳೈಯಾರ್ ಕೋಯಿಲ್ ಬೀದಿ, ಐದು ತಿಂಗಳ ಮಗು ಹಾಲು ಕುಡಿಯುತ್ತಿಲ್ಲ, ಕೆಮ್ಮಿ ಕೆಮ್ಮಿ ಕಪ್ಪಾಗಿದೆ, ಯಾರಾದರೂ ಗಾಡಿ ತನ್ನಿ. ಮಾಧವಿಗೆ ಫೋನು ಮಾಡಿದರೆ ಅವರೂ ಅದನ್ನೇ ಓದಿದರು, ಅಕ್ಷರ ಬಿಡದೆ. ಅಂದು ಗಾಡಿ ತಂದದ್ದು ಮಾಧವಿಯ ಗಂಡನೇ. ಮಗು ಬದುಕಿತು. ವಕೀಲರು ಕೈ ಚಾಚಿ ಕಾಗದ ತೆಗೆದುಕೊಂಡರು.

ಗೆದ್ದರಲ್ಲ ಎಂದು ನಾನು ಅನ್ನಬಾರದಿತ್ತು. ಅಂದೆ.

"ಏನು ಗೆದ್ದಿದ್ದು?" ಎಂದು ತಿರುಗಿಬಿದ್ದರು. ಇನ್ನೂರ ಹನ್ನೆರಡು ದೂರುಗಳು ಕಡತಕ್ಕೆ ಸೇರಿದ್ದು ನಿಜ. ಮೂರು ತಿಂಗಳೊಳಗೆ ಬೀದಿಯ ತುದಿಯಲ್ಲಿ ಗಾಳಿ ಅಳೆಯುವ ಯಂತ್ರ ನಿಲ್ಲಿಸಬೇಕೆಂಬ ಆದೇಶವೂ ಆಯಿತು. ಈಗ ಎಂಟನೇ ತಿಂಗಳು. ಕಂಬ ನೆಟ್ಟಿದ್ದಾರೆ. ಅದಕ್ಕೆ ಯಂತ್ರ ಬಂದಿಲ್ಲ, ಯಾರೋ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಾರೆ. ಪೂರ್ಣಿಮಾ ಈಗ ನುಂಗಂಬಾಕ್ಕಂನಲ್ಲಿ ಕೆಲಸ ಮಾಡುತ್ತಾಳೆ, ಅಲ್ಲೇ ಹಾಸ್ಟೆಲ್ಲಿನಲ್ಲಿರುತ್ತಾಳೆ. ಸ್ವಂತ ಮನೆಯಿದ್ದೂ ಮಗಳು ಇಲ್ಲಿ ಮಲಗುವಂತಿಲ್ಲ. ಇದಕ್ಕೆ ಯಾರಿಗೆ ನೋಟಿಸು ಕಳಿಸುವುದು?

ಸರ್ವರಿನ ಮೇಲೂ ದಾಳಿ ನಿಂತಿಲ್ಲ. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ಸಲ ಯಾರ್ಯಾರೋ ಎಲ್ಲೆಲ್ಲಿಂದಲೋ ಪಾಸ್‌ವರ್ಡ್ ಊಹಿಸಿ ಒಳನುಗ್ಗಲು ನೋಡುತ್ತಾರೆ. ಬಹುಪಾಲು ಕಳ್ಳ ಯಂತ್ರಗಳು. ಎಲ್ಲರ ಮನೆಯನ್ನೂ ತಟ್ಟುವಂತೆ ಇದನ್ನೂ ತಟ್ಟುತ್ತವೆ. ಪಾಸ್‌ವರ್ಡಿನಿಂದ ತೆರೆಯುವ ಬಾಗಿಲನ್ನೇ ಗಿರಿಜಾದೇವಿ ಇಟ್ಟಿಲ್ಲ. ಬೆಳಗ್ಗೆ ಆ ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸಿ, "ತಟ್ಟಲಿ, ಕೈ ನೋಯ್ತಾವ," ಎನ್ನುತ್ತಾರೆ. ಇತ್ತೀಚೆಗೆ ಭಾನುವಾರಗಳಂದು ಮಾಧವಿ ಬಂದು ಪಕ್ಕದಲ್ಲಿ ಕೂರುತ್ತಾರೆ. ಆರನೇ ತರಗತಿಗೆ ಶಾಲೆ ಬಿಟ್ಟ ಹೆಂಗಸು, ಪೆಟ್ಟಿಗೆಯನ್ನು ನಿಲ್ಲಿಸುವುದು, ಮತ್ತೆ ಎಬ್ಬಿಸುವುದು, ನಕಲು ಸರಿಯಾಗಿದೆಯೇ ನೋಡುವುದು, ಮೂರನ್ನೂ ಕಲಿತಿದ್ದಾರೆ.

ಆರೂಮುಕ್ಕಾಲು. ಇಂದಿನ ದೂರು ನಲವತ್ತನಾಲ್ಕಕ್ಕೆ ನಿಂತಿದೆ. ಹೊರಗೆ ವಾಸನೆ ತೆಳುವಾಗುತ್ತಿದೆ. ಗಿರಿಜಾದೇವಿ ಜಡೆ ಹಾಕಿಕೊಂಡು, ಡಬ್ಬಿಗೆ ರೊಟ್ಟಿ ತುಂಬಿ, ಚಪ್ಪಲಿ ಮೆಟ್ಟುತ್ತಾರೆ. ನಿಮಗೆ ಏನಾಗಬೇಕು ಎಂದು ಮೆಟ್ಟಿಲಲ್ಲಿ ಕೇಳುತ್ತೇನೆ. ಪ್ರಶಸ್ತಿ, ಸನ್ಮಾನ ಎಂದು ಶುರು ಮಾಡುವ ಮೊದಲೇ ಕೈಯೆತ್ತಿ ತಡೆಯುತ್ತಾರೆ.

"ತಪಾಸಣಿ ಅಂತ ಆ ಕಚೇರಿಯವ್ರು ನಾಕು ಸಲ ಬಂದಾರ್ರಿ. ನಾಕೂ ಸಲ ಬಂದಿದ್ದು ಹನ್ನೊಂದು ಗಂಟೆಕ್ಕ. ಅಷ್ಟೊತ್ತಿಗೆ ಕಡಲ ಗಾಳಿ ಎಲ್ಲಾ ಹೊತ್ಕೊಂಡು ಹೋಗಿರ್ತೈತಿ. ವಾಸನೆ ಇಲ್ಲ ಅಂತ ಬರಕೊಂಡು ಹೋಗ್ತಾರ." ಒಂದು ಮೆಟ್ಟಿಲು ಇಳಿದು ನಿಲ್ಲುತ್ತಾರೆ. "ಅವರಾಗ ಒಬ್ಬರು, ಒಂದಾ ಒಂದು ದಿನ, ಐದೂಕಾಲಿಗೆ ಬರಲಿ. ಕೂಡಾಕ ಕುರ್ಚಿ ಹಾಕ್ತೀನಿ, ಕಾಫಿ ನಾನಾ ಕೊಡ್ತೀನಿ. ಕುಡಿದು ಮುಗಿಸಲಿ ನೋಡಾಮು."